ಮೇಲೆ ಕಾಯಿ, ಕೆಳಗೆ ಮಕ್ಕಳು

ಜೂನ್ 9, 2003. ಸೋಮವಾರ

ಬೆಳಗಿನ ಬಸ್ಸು ತಪ್ಪಿತು. ಹೊನ್ನವಳ್ಳಿಯಿಂದ ಪೇಟೆಗೆ ಟೆಂಪೋದಲ್ಲಿ ನಿಂತೇ ಬಂದೆ. ಎರಡು ಸೈಟ್ ನೋಡಿದೆ. ಎಂಜಿನಿಯರ್ ಲೈಸೆನ್ಸ್ ರಿನ್ಯೂಯಲ್‌ಗೆ ಅರ್ಜಿ ಹಾಕಿದೆ.

ಸಂಜೆ ಅಪ್ಪನ ಗೆಳೆಯ, ತೆಂಗಿನಕಾಯಿ ಮಂಡಿಯ ಗಂಗಯ್ಯ ಮಾವನ ಬಿಲ್ಡಿಂಗ್ ಕಡೆ ಹೋದೆ. ನನ್ನ ಮೊದಲ ಕೆಲಸ ಅದು. ಪ್ಲಾನು, ಡಿಸೈನು, ಕೊನೆಯ ಸರ್ಟಿಫಿಕೇಟು — ಎಲ್ಲಕ್ಕೂ ನನ್ನದೇ ಸೈನ್. ಕೆಳಗೆ ಅಂಗಡಿ, ಮೇಲೆ ಮನೆ ಅಂತ ಮಾಡಿಕೊಟ್ಟಿದ್ದೆ. ಈಗ ಕೆಳಗೆ ಗಿರಿಜಾಂಬಿಕಾ ಮೇಡಂ ನರ್ಸರಿ ಸ್ಕೂಲ್ ನಡೆಸುತ್ತಿದ್ದಾರೆ. ಕಾಫಿಗೆ ಕರೆದರು. ಕೂತು ಸುಮ್ಮನೆ ಮೇಲೆ ನೋಡಿದೆ.

ನಡುವಿನ ಬೀಮಿನಲ್ಲಿ ಬಿರುಕು. ಕಂಬದ ಪಕ್ಕದಲ್ಲೇ, ಓರೆಯಾಗಿ. ಲೋಟ ಕೆಳಗಿಟ್ಟೆ.

"ಮೇಲೆ ಯಾರಿದ್ದಾರೆ ಮೇಡಂ?"

"ಯಾರೂ ಇಲ್ಲ ಕಣ್ರೀ. ಗಂಗಣ್ಣೋರು ಕೊಬ್ರಿ ಮಾಡಾಕೆ ಕಾಯಿ ತುಂಬ್ಸವ್ರೆ."

ಮೆಟ್ಟಿಲು ಹತ್ತಿ ಕಿಟಕಿಯಿಂದ ನೋಡಿದೆ. ತೆಂಗಿನಕಾಯಿ. ಗೋಡೆಯಿಂದ ಗೋಡೆಗೆ, ಸೂರು ಮುಟ್ಟುವ ಹಾಗೆ. ಮನೆಯೊಂದರ ಭಾರಕ್ಕೆ ಹಾಕಿದ ಲೆಕ್ಕ ನನ್ನದು. ಇದು ಮಂಡಿಯ ಭಾರ.

ಜೂನ್ 10, ಮಂಗಳವಾರ

ಬೆಳಿಗ್ಗೆಯೇ ಮಂಡಿಗೆ ಹೋಗಿ ಗಂಗಯ್ಯ ಮಾವನಿಗೆ ಹೇಳಿದೆ. ನಕ್ಕರು.

"ಹೊಸ ಮನೆ ಅಂದ್ಮೇಲೆ ಬಿರುಕು ಬುಡ್ತದೆ ಕಣವ್ವ."

"ಗೋಡೆ ಅಲ್ಲ ಮಾವ, ಬೀಮು. ಕಾಯಿ ಇಳಿಸಿ. ಇಲ್ಲ ಅಂದ್ರೆ ಸ್ಕೂಲನ್ನಾದ್ರೂ ಬೇರೆ ಕಡೆ ಕಳಿಸಿ."

"ಕಾಯೊಳಗೆ ಇನ್ನೂ ನೀರು ಅಲ್ಲಾಡ್ತದೆ, ಒಣಗಿಲ್ಲ. ಈಗ ಇಳಿಸಿದ್ರೆ ಕೊಬ್ರಿ ಎಲ್ಲಿಂದ ಆಗ್ಬೇಕು? ದೀಪಾವಳಿ ಕಳೀಲಿ ಬುಡು." ಆಮೇಲೆ ದನಿ ತಗ್ಗಿಸಿ, "ಹೆಣ್ ಹುಡ್ಗಿ ಎಂಜಿನಿಯರ್ ಓದ್ಲಿ ಬುಡು ಹನ್ಮಂತಣ್ಣ ಅಂತ ನಿಮ್ಮಪ್ಪನ್ನ ಒಪ್ಸಿದ್ದು ಯಾರು ಹೇಳು?"

ಅವರೇ. ಅವರು ಅವತ್ತು ನಮ್ಮ ಜಗುಲಿಗೆ ಬರದಿದ್ದರೆ ನಾನು ಎಂಜಿನಿಯರೇ ಆಗುತ್ತಿರಲಿಲ್ಲ.

ಬರುವಾಗ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ಬಂದೆ. ಬಿರುಕು ಬೆಳೆದರೆ ಗಾಜು ಸೀಳುತ್ತೆ. ಬೆಳೆಯದಿದ್ದರೆ... ದೇವರೇ, ಬೆಳೆಯದಿರಲಿ.

ಜೂನ್ 16, ಸೋಮವಾರ

ಗಾಜು ಸೀಳಿದೆ.

ಅಲ್ಲಿಂದ ನೇರವಾಗಿ ಲೈಸೆನ್ಸ್ ಕೊಡುವ ಆಫೀಸಿಗೆ. ಸಾಹೇಬರು ಪೂರ್ತಿ ಕೇಳಿದರು.

"ಬರೆದು ಕೊಡ್ತೀಯೇನಮ್ಮ? ಯೋಚನೆ ಮಾಡು. ಸೈನ್ ನಿಂದೇ. ಡಿಸೈನೇ ಸರಿ ಇಲ್ಲ ಅಂತ ಓನರ್ರು ತಿರುಗಿಬಿದ್ರೆ ಮೊದಲು ಹೋಗೋದು ನಿನ್ನ ಲೈಸೆನ್ಸು."

ಬರೆದು ಕೊಟ್ಟೆ. ಪೇಪರ್‌ವೇಟ್ ಕೆಳಗೆ ಇಟ್ಟುಕೊಂಡರು. ನೋಟೀಸ್ ಕಳಿಸಲು ಟೈಮ್ ಹಿಡಿಯುತ್ತಂತೆ. ಬೀಮಿಗೆ ಇದನ್ನು ಯಾರು ಹೇಳಬೇಕು?

ಜೂನ್ 18, ಬುಧವಾರ

ಅಪ್ಪನಿಗೆ ಸುದ್ದಿ ಮುಟ್ಟಿದೆ. ಊಟಕ್ಕೆ ಕೂತಾಗ ತಲೆ ಎತ್ತದೆ ಕೇಳಿದರು.

"ಗಂಗಣ್ಣನ ಮೇಲೆ ಕಂಪ್ಲೇಂಟ್ ಕೊಟ್ಯಂತೆ?"

"ಅದು ಬಿದ್ರೆ ಏನಪ್ಪ ಮಾಡೋದು?"

"ಬೀಳ್ದಿದ್ರೆ?"

ತಟ್ಟೆ ಬಿಟ್ಟು ತೋಟಕ್ಕೆ ಹೋದರು. ಅಮ್ಮ ಮುದ್ದೆಯನ್ನು ಮುಚ್ಚಿಟ್ಟಳು. ನನ್ನ ಕಡೆ ನೋಡಲಿಲ್ಲ.

ಜೂನ್ 19, ಗುರುವಾರ

ಮಾಡಿಬಿಟ್ಟೆ.

ಸ್ಕೂಲ್ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತೆ. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ಒಬ್ಬೊಬ್ಬರಿಗೂ ಹೇಳಿದೆ — ಈ ಕಟ್ಟಡ ಕಟ್ಟಿಸಿದ ಎಂಜಿನಿಯರ್ ನಾನೇ, ನಾಳೆಯಿಂದ ಕಳಿಸಬೇಡಿ. ಒಬ್ಬರು ನಕ್ಕರು. ಒಬ್ಬರು, "ನೀನೇ ಕಟ್ಟಿ ನೀನೇ ಹಿಂಗಂದ್ರೆ ಯಾರನ್ನ ನಂಬಾಣವ್ವ?" ಅಂದರು. ಒಬ್ಬ ಅಜ್ಜ ಮಾತ್ರ ಮೊಮ್ಮಗಳನ್ನು ಎತ್ತಿಕೊಂಡು ಮೇಲೆ ನೋಡುತ್ತ ನೋಡುತ್ತ ರಸ್ತೆ ದಾಟಿದ.

ಮೇಡಂ ಓಡಿ ಬಂದರು. "ನನ್ನ ಹೊಟ್ಟೆ ಮೇಲೆ ಹೊಡೀಬ್ಯಾಡಿ ಕಣ್ರೀ ಯೋಗಿತಾ! ಗಂಡ ಇಲ್ದೋಳು, ಇದೊಂದೇ ಆಸರೆ."

"ನಿಮ್ಮ ಮಗಳೂ ಆ ಬೀಮಿನ ಕೆಳಗೇ ಕೂರೋದು ಮೇಡಂ."

ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು. ನಾನು ಗೇಟು ಹಿಡಿದು ನಿಂತೇ ಇದ್ದೆ.

ಜುಲೈ 14, ಸೋಮವಾರ

ಬರೆಯಲು ಆಗಿರಲಿಲ್ಲ.

ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಂಡರು, ಸ್ಕೂಲ್ ಮುಚ್ಚಿತು. ಮೇಡಂಗೆ ಬೇರೆ ಜಾಗ ಸಿಗಲಿಲ್ಲ.

ಲೈಸೆನ್ಸ್ ಸಸ್ಪೆಂಡ್. ವಿಚಾರಣೆ ಮುಗಿಯುವವರೆಗೆ ಯಾವ ಪ್ಲಾನಿಗೂ ಸೈನ್ ಹಾಕುವಂತಿಲ್ಲ. ಡಿಸೈನಿನಲ್ಲಿ ದೋಷ, ಕಟ್ಟಡದ ಬಗ್ಗೆ ಅಪಪ್ರಚಾರ — ಗಂಗಯ್ಯ ಮಾವನ ದೂರು. ಹೊರಗಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದ್ದಾರೆ. ಆತ ಮೇಲಕ್ಕೆ ಹತ್ತಲೇ ಇಲ್ಲವಂತೆ. ಬಿರುಕಿಗೆ ಸಿಮೆಂಟ್ ಮೆತ್ತಿಸಿ, ಬಣ್ಣ ಹೊಡೆಸಿ, ಭದ್ರವಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟ. ನನ್ನ ಪತ್ರ ಅಲ್ಲಿಗೆ ಮುಗಿಯಿತು.

ಕಟ್ಟಡ ನಿಂತಿದೆ. ದಿನಾ ಬಸ್ಸಿನಿಂದ ಇಳಿದ ಕೂಡಲೇ ಕಾಣುತ್ತೆ. ಇವತ್ತು ಒಂದು ಕ್ಷಣ — ಬೀಳಲಿ ಅನ್ನಿಸಿತು. ಬೀಳಲಿ, ನಾನು ಸುಳ್ಳಿ ಅಲ್ಲ ಅಂತ ಗೊತ್ತಾಗಲಿ. ಎಂಥ ಹೆಂಗಸು ನಾನು? ಕಟ್ಟಡಕ್ಕೆ ಬೆನ್ನು ಹಾಕಿ ನಡೆದೆ.

ಆಗಸ್ಟ್ 3, ಭಾನುವಾರ

ಸಂತೆಯಲ್ಲಿ ಮೇಡಂ ಸಿಕ್ಕರು. ಮುಖ ತಿರುಗಿಸಿದರು. ಅವರ ಮಗಳು ನನಗೆ ಟಾಟಾ ಮಾಡಿದಳು. ಮೇಡಂ ಆ ಕೈಯನ್ನು ಹಿಡಿದು ಕೆಳಗಿಳಿಸಿದರು.

ಆ ಪುಟ್ಟ ಕೈ ಉಳಿದಿದೆ. ಅಷ್ಟು ಸಾಕು ಅಂದುಕೊಂಡೆ. ಸಾಕಾಗಲಿಲ್ಲ.

ಸೆಪ್ಟೆಂಬರ್ 1, ಸೋಮವಾರ. ಬೆಳಿಗ್ಗೆ

ಬಿಲ್ಡಿಂಗಿಗೆ ಹೊಸ ಬೋರ್ಡ್ ಬಂದಿದೆಯಂತೆ. ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ, ಇವತ್ತಿನಿಂದ ಶುರು. ಹೇಳಿದ್ದು ಪಕ್ಕದ ಮನೆಯ ಭಾಗ್ಯ. ಅವಳೂ ಸೇರಿದ್ದಾಳೆ. ಹೊಸ ಕತ್ತರಿ ತೋರಿಸಲು ಬಂದಿದ್ದಳು.

"ಮೇಲಿನ ಕಾಯಿ ಇಳಿಸಿದ್ದಾರೇನೇ?"

"ಇಲ್ಲ ಅಕ್ಕ. ಗಂಗಣ್ಣೋರು ಹಿಂದಿನ ರೂಮಿಗೂ ಇನ್ನೊಂದು ಲೋಡ್ ಹಾಕ್ಸಿದ್ರು, ಮೊನ್ನೆ."

"ಹೋಗಬೇಡ ಭಾಗ್ಯ."

ಅವಳ ಮುಖ ಸಣ್ಣಗಾಯಿತು. "ನಿಮ್ ಲೈಸೆನ್ಸ್ ಕಿತ್ಕೊಂಡವ್ರೆ ಅಂತ ಅವ್ವ ಹೇಳ್ತಿತ್ತು. ಹೌದಾ ಅಕ್ಕ?"

ಹೌದು ಅಂದೆ. ಇನ್ನೇನು ಹೇಳಲಿ? ಕತ್ತರಿಯನ್ನು ಸೆರಗಲ್ಲಿ ಮುಚ್ಚಿಕೊಂಡು ಹೋದಳು.

ಲೈಸೆನ್ಸ್ ಇಲ್ಲ. ಸೀಲ್ ಇಲ್ಲ. ಇನ್ನು ಯಾವ ಹಕ್ಕಿನಿಂದ ಆ ಗೇಟಿನಲ್ಲಿ ನಿಲ್ಲಲಿ? ಈ ಸಲ ಪೊಲೀಸರನ್ನು ಕರೆಸುತ್ತಾರೆ. ಅಪ್ಪ ಮನೆಗೆ ಸೇರಿಸುವುದಿಲ್ಲ.

ಬಸ್ಸು ಹಾರ್ನ್ ಹಾಕಿತು. ಭಾಗ್ಯ ಓಡುತ್ತಿದ್ದಾಳೆ. ನನ್ನ ಚಪ್ಪಲಿ ಎಲ್ಲಿ —