ಶಾಲೆ ಪಕ್ಕದ ಸಾಲಿನ ಸೊಪ್ಪು

ಕೋಲಾರ ತಾಲ್ಲೂಕು
ಮಂಗಳವಾರ, 6 ಫೆಬ್ರವರಿ 1979

ಪ್ರೀತಿಯ ವಸು,

ಮುತ್ಯಾಲುವಿನ ವಿಷಯ ನಿನಗೆ ಬರೆಯುವುದೇ ಬೇಡ ಎಂದುಕೊಂಡಿದ್ದೆ. ಭಾನುವಾರ ಒಂದು ಕಾಗದ ಬರೆದು ಮುಗಿಸಿದ್ದೆ ಕೂಡ. ಅದರಲ್ಲಿ ಶಾಲಾ ವಾರ್ಷಿಕೋತ್ಸವದ ಸುದ್ದಿ ಮಾತ್ರ ಇತ್ತು: ಖೊಖೊ, ನಿಧಾನದ ಸೈಕಲ್ ಪಂದ್ಯ, ಬಹುಮಾನ, ನಾಟಕ. ಓದಿ ನೋಡಿದೆ. ಒಂದು ಸುಳ್ಳೂ ಇರಲಿಲ್ಲ. ಆದರೂ ಕಳಿಸಲು ಕೈ ಬರಲಿಲ್ಲ. ನಿನ್ನ ಗೆಳತಿ ವಾರಕ್ಕೂ ಮೇಲಾಯಿತು, ಶಾಲೆಗೆ ಬರುತ್ತಿಲ್ಲ. ಅವಳ ತಂದೆ ವೆಂಕಟರಮಣಪ್ಪ ಓದು ಬಿಡಿಸಿದ್ದಾನೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರ ಬಂತು. ನಾಡಿದ್ದು ಗುರುವಾರ ಮುಳಬಾಗಿಲಿನಿಂದ ಅವಳ ಸೋದರಮಾವನ ಕಡೆಯವರು ತಾಂಬೂಲ ಬದಲಾಯಿಸಲು ಬರುತ್ತಾರಂತೆ.

ನಾಟಕ ಹೇಗಾಯಿತು ಎಂದು ನೀನು ಕೇಳಿದ್ದೀಯ. ಅಲ್ಲಿಂದಲೇ ಹೇಳುತ್ತೇನೆ, ಎಲ್ಲವೂ ಅದಕ್ಕೇ ಅಂಟಿಕೊಂಡಿದೆ.

ಈ ವರ್ಷ ಗಣರಾಜ್ಯೋತ್ಸವದ ಸಂಜೆಯೇ ವಾರ್ಷಿಕೋತ್ಸವ ಇಟ್ಟುಕೊಂಡೆವು. ನಾನು ಪ್ರಭಾರ ಮುಖ್ಯೋಪಾಧ್ಯಾಯಿನಿ ಆದಮೇಲೆ ಮೊದಲನೆಯದು. ಎಲ್ಲ ಚೆನ್ನಾಗಿ ಕಾಣಬೇಕೆಂಬ ಹಟ ನನಗೆ. ಊರವರು ಕೂರಬೇಕಾದ ಬೆಂಚುಗಳ ತುಂಬ ತಿಗಣೆ. "ಹೋದ್ಸಲ ಅಧ್ಯಕ್ಷರು ಭಾಷಣಕ್ಕೆ ಎದ್ರೋ ತಿಗಣೆ ಕಡ್ದು ಎದ್ರೋ ಗೊತ್ತಾಗ್ಲೇ ಇಲ್ಲ ಮೇಡಂ" ಎಂದು ಪಿ.ಟಿ. ಮೇಷ್ಟ್ರು ಸೊಣ್ಣಪ್ಪ ಎಲ್ಲರನ್ನೂ ನಗಿಸಿದರು. ಆಲೂಗಡ್ಡೆಗೆ ಹೊಡೆಯುವ ಔಷಧಿಯನ್ನೂ ಪಂಪನ್ನೂ ತಮ್ಮ ಮನೆಯಿಂದ ತರಲೇ ಎಂದು ಕೇಳಿದರು. ನಾನು ಹೂಂ ಎಂದೆ. ಹಿಂದಿನ ದಿನದ ಶ್ರಮದಾನದಲ್ಲಿ ಹುಡುಗರು ಬೆಂಚುಗಳನ್ನು ಹೊರಗೆ ಹೊತ್ತು, ಬೇಲಿಗೆ ಒರಗಿಸಿ, ಪಂಪಿನಿಂದ ಹೊಡೆದರು. ಬೇಲಿಯಾಚೆ ಇರುವುದು ವೆಂಕಟರಮಣಪ್ಪನ ಹಿಪ್ಪುನೇರಳೆ ತೋಟ. ಗಾಳಿ ಯಾವ ಕಡೆಗಿದೆ ಎಂದು ಯಾರೂ ನೋಡಲಿಲ್ಲ.

ಅವರ ಮನೆಯ ರೇಷ್ಮೆಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು, ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿದ್ದವು. ಎಷ್ಟು ಸೊಪ್ಪು ಹಾಕಿದರೂ ಸಾಲದ ಹೊತ್ತು ಅದು. ಮಾರನೆಯ ದಿನ ಧ್ವಜಾರೋಹಣ ಮುಗಿಸಿ ಮುತ್ಯಾಲು ಮನೆಗೆ ಹೋಗಿ ಹುಳುಗಳಿಗೆ ಸೊಪ್ಪು ಹಾಕಿ, ಕೊನೆಯ ತಾಲೀಮಿಗೆ ಓಡಿ ಬರಬೇಕಿತ್ತು. ಹೊತ್ತಾಗುತ್ತದೆಂದು ಅವಳು ತೋಟದ ಆ ತುದಿಗೆ ಹೋಗದೆ, ಶಾಲೆ ಪಕ್ಕದ ಸಾಲಿನಿಂದಲೇ ಸೊಪ್ಪು ಕಿತ್ತಳು.

ನಾಟಕದಲ್ಲಿ ಅವಳದು ಅಮಲ್ದಾರನ ಪಾತ್ರ. ರೈತರನ್ನು ಗದರಿಸುವಾಗ ಒಂದು ಕಡೆಯ ಮೀಸೆ ಜಾರಿತು. ಅವಳು ಗಾಬರಿಯಾಗಲಿಲ್ಲ. ಅದನ್ನು ಕಿತ್ತು ಜವಾನನ ಪಾತ್ರದವನ ಕೈಗೆ ಕೊಟ್ಟು, "ಇಟ್ಕೊಳ್ಲಾ, ಸರ್ಕಾರದ್ದು" ಎಂದಳು. ಜನ ಚಪ್ಪಾಳೆ ನಿಲ್ಲಿಸಲಿಲ್ಲ. ಮುಂದೆ ಕುಳಿತಿದ್ದ ಅವಳ ಅಜ್ಜಿ ಬೈರಮ್ಮ ಪಕ್ಕದವರನ್ನು ತಿವಿದು, "ಮಾ ಮುತ್ಯಾಲೇ ಗದಾ! ಮೀಸೆ ಇಟ್ರೆ ಅವರಪ್ಪನೇ ಕಣ್ರಮ್ಮ" ಎಂದು ತೆಲುಗು ಬೆರೆಸಿ ಕೂಗಿದ್ದು ವೇದಿಕೆಯವರೆಗೂ ಕೇಳಿಸಿತು. ಅಷ್ಟು ಸಂತೋಷದ ಸಂಜೆಯನ್ನು ಈ ಶಾಲೆಯಲ್ಲಿ ನಾನು ಕಂಡಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಹುಳುಗಳು ಬೀಳುತ್ತಿದ್ದವು.

ಸುದ್ದಿ ಕೇಳಿ ನಾನೂ ಹೋದೆ. ಹುಳುಮನೆಯ ಒಳಗೆ ಹೊರಗಿನವರನ್ನು ಬಿಡುವುದಿಲ್ಲ. ಬೈರಮ್ಮ ಒಂದು ತಟ್ಟೆಯನ್ನು ಬಾಗಿಲಿಗೇ ತಂದು ತೋರಿಸಿದಳು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಹಸಿರು ನೀರು ಕಕ್ಕುತ್ತಿದ್ದವು. ಮುತ್ಯಾಲು ಜಗಲಿಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಮುಟ್ಟಾದ ಹೆಂಗಸು ಹುಳುಮನೆಗೆ ಕಾಲಿಡಬಾರದು, ಸೊಪ್ಪು ಮುಟ್ಟಬಾರದು ಎನ್ನುವುದು ಇಲ್ಲಿ ಮನೆಮನೆಯ ಕಟ್ಟಳೆ. ನಾಟಕದ ದಿನ ಅವಳು ಮುಟ್ಟಾಗಿದ್ದಳು. ಹೇಳಿದರೆ ಹೊರಗೆ ಕೂರಿಸುತ್ತಾರೆ, ನಾಟಕ ತಪ್ಪುತ್ತದೆ ಎಂದು ಮುಚ್ಚಿಟ್ಟಿದ್ದಳು. ಹುಳು ಬಿದ್ದದ್ದನ್ನು ಕಂಡ ಕೂಡಲೇ, ಯಾರೂ ಕೇಳದೆ, ತಾನಾಗಿ ಅಜ್ಜಿಯ ಮುಂದೆ ನಿಂತು ಒಪ್ಪಿಕೊಂಡಿದ್ದಾಳೆ.

"ಮೀಸೆ ಕಟ್ಕೊಂಡು ಕುಣಿಯೋ ಆಸೆಗೆ ಮನೆ ಲಕ್ಷ್ಮೀನೇ ತಿಂದ್ಬಿಟ್ಳಲ್ಲಮ್ಮ!" ಎಂದು ಬೈರಮ್ಮ ಅತ್ತಳು. ಮುಟ್ಟಿಗೂ ಹುಳುವಿಗೂ ಸಂಬಂಧವಿಲ್ಲ ಎಂದು ನಾನು ಶುರುಮಾಡಿದೆ. "ಹಂಗಾದ್ರೆ ಇನ್ಯಾತಕ್ಕೆ ಸತ್ವು, ನೀವೇ ಹೇಳಿ?" ಎಂದಳು. ವೆಂಕಟರಮಣಪ್ಪ ಸಿಟ್ಟು ಮಾಡಲಿಲ್ಲ. "ನಿಮ್ದೇನೂ ತಪ್ಪಿಲ್ಲ ಬಿಡಿ ಮೇಡಂ. ನೀವು ನಾಕಕ್ಷರ ಕಲ್ಸಿದ್ರಿ. ಹೆಣ್ಮಗೀಗೆ ಇಷ್ಟು ಸಾಕು" ಎಂದು ನನ್ನನ್ನು ಬೀದಿಯವರೆಗೂ ಕಳಿಸಿಕೊಟ್ಟ.

ವಾಪಸು ಬರುವಾಗ ಬೇಲಿಯ ಹತ್ತಿರ ನಿಂತೆ. ಆ ಸಾಲಿನ ಸೊಪ್ಪಿನ ಮೇಲೆ ಒಣಗಿದ ಬಿಳಿ ಚುಕ್ಕೆಗಳು. ಒಂದೆಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ಮೂಸಿದೆ. ಬೆಂಚುಗಳ ವಾಸನೆ.

ಸೊಣ್ಣಪ್ಪನವರಿಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ಹೇಳಿದರು: "ಅವ್ರಾಗೇ ಒಂದು ಕಾರಣ ಕಂಡ್ಕೊಂಡವ್ರೆ ಮೇಡಂ. ಇನ್ನೊಂದು ನಾವ್ಯಾಕೆ ಕೊಡೋದು? ಆಟದ ಬಯಲು ವೆಂಕಟರಮಣಪ್ಪನ ಅಪ್ಪ ಬಿಟ್ಟುಕೊಟ್ಟಿದ್ದು, ಗ್ಯಾಪಕ ಇರಲಿ. ನಾಳೆ ಬೇಲಿ ಹಾಕಿದ್ರೆ ಮಕ್ಳು ಎಲ್ಲಿ ಆಡ್ತಾರೆ?" ಅವರು ಕೆಟ್ಟವರಲ್ಲ, ವಸು. ಅವರ ಮಾತು ನನಗೆ ಹಿತವಾಗಿತ್ತು, ಅದೇ ತೊಂದರೆ. ಶಾಲೆಯ ಹಿತಕ್ಕಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಹುದ್ದೆ ಇನ್ನೂ ಖಾಯಂ ಆಗಿಲ್ಲ ಎನ್ನುವುದನ್ನು ಆ ಹಿತದೊಳಗೆ ಸೇರಿಸಿಕೊಂಡಿದ್ದೆನೇ ಎಂದು ಕೇಳಿಕೊಂಡರೆ, ಇಲ್ಲ ಎನ್ನಲಾರೆ. ಶನಿವಾರ ಮಾಲೂರಿನಿಂದ ಬಂದ ನಿನ್ನ ತಂದೆಗೂ ಹೇಳಲಿಲ್ಲ. ಯಾಕೆ ಸಪ್ಪಗಿದ್ದೀಯ ಎಂದು ಕೇಳಿದರು. ವಾರ್ಷಿಕೋತ್ಸವದ ಆಯಾಸ ಎಂದೆ.

ಕೆ.ಜಿ.ಎಫ್.ನ ಕಾನ್ವೆಂಟಿನಲ್ಲಿ ನಮಗೆ ಸತ್ಯದ ಬಗ್ಗೆ ಎಷ್ಟೊಂದು ಹೇಳಿಕೊಟ್ಟಿದ್ದರು, ಅದೂ ಒಳ್ಳೆಯ ಇಂಗ್ಲಿಷಿನಲ್ಲಿ. ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ, ಬೇಲಿಯಾಚೆಯ ಸೊಪ್ಪನ್ನು ಯಾವ ಮನೆಯ ಹುಳು ತಿನ್ನುತ್ತದೆ ಎಂದು ಯೋಚಿಸುವುದನ್ನು ನಾನು ಕಲಿತಿರಲಿಲ್ಲ.

ನಾಳೆ ಬೆಳಿಗ್ಗೆ ವೆಂಕಟರಮಣಪ್ಪನ ಮನೆಗೆ ಹೋಗಿ ಬೆಂಚುಗಳ ವಿಷಯ ಹೇಳುತ್ತೇನೆ. ಸೊಣ್ಣಪ್ಪನವರ ಹೆಸರು ಎತ್ತುವುದಿಲ್ಲ. ಹೂಂ ಎಂದವಳು ನಾನು. ಹೇಳಿದ ಮಾತ್ರಕ್ಕೆ ಅವನು ಮಗಳನ್ನು ಶಾಲೆಗೆ ಕಳಿಸುತ್ತಾನೆ ಎಂಬ ಭರವಸೆ ನನಗಿಲ್ಲ. ಮುಳಬಾಗಿಲಿನವರಿಗೆ ಮಾತು ಕೊಟ್ಟಾಗಿದೆ. ನನ್ನ ಮಾತನ್ನು, ಹುಡುಗಿಯನ್ನು ಉಳಿಸಲು ಟೀಚರು ಕಟ್ಟಿದ ಕಥೆ ಎಂದುಕೊಂಡರೂ ಆಶ್ಚರ್ಯವಿಲ್ಲ. ಆದರೆ ಮನೆಯನ್ನು ಹಾಳುಮಾಡಿದವಳು ತಾನೇ ಎಂದು ಆ ಮಗು ನಂಬಿದೆ. ಗುರುವಾರ ಯಾರು ಏನು ಹೇಳಿದರೂ ತಲೆಯಾಡಿಸುತ್ತಾಳೆ. ಅದಕ್ಕೆ ಮುಂಚೆ ಅವಳ ಕಿವಿಗಾದರೂ ಇದು ಬೀಳಬೇಕು.

ನೀನು ಅವಳಿಗೆ ಬರೆಯುವುದಿದ್ದರೆ ನನ್ನ ಪರವಾಗಿ ಏನೂ ಬರೆಯಬೇಡ. ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ
ಅಮ್ಮ

ಮ.ಬ.: ಇದು ಮರೆತದ್ದಲ್ಲ, ಮೇಲೆ ಬರೆಯಲಾರದೆ ಬಿಟ್ಟದ್ದು. ಆ ದಿನ ಧ್ವಜಾರೋಹಣವಾದ ಮೇಲೆ ಮುತ್ಯಾಲು ನನ್ನ ಹತ್ತಿರ ಬಂದಿದ್ದಳು. "ಮಿಸ್, ಇವತ್ತು ನಾನು ಸೊಪ್ಪು ಮುಟ್ಟಂಗಿಲ್ಲ. ಅಜ್ಜಿಗೆ ಹೇಳಿದ್ರೆ ನಾಟಕಕ್ಕೆ ಬಿಡಲ್ಲ. ಏನ್ಮಾಡ್ಲಿ?" ಎಂದು ಕೇಳಿದಳು. ಅದೆಲ್ಲ ಮೂಢನಂಬಿಕೆ, ಯಾರಿಗೂ ಹೇಳಬೇಡ, ಬೇಗ ಸೊಪ್ಪು ಹಾಕಿ ಬಾ ಎಂದು ಕಳಿಸಿದವಳು ನಾನು. ಅಜ್ಜಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡವಳು ಇದೊಂದನ್ನು ಬಾಯಿಬಿಟ್ಟಿಲ್ಲ. ನಿನ್ನೆ ಬಾವಿಯ ಹತ್ತಿರ ಸಿಕ್ಕಿದಳು, ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮ್ಮ ಹೆಸ್ರು ಹೇಳಿದ್ರೆ ಬೇರೆ ಹುಡ್ಗೀರ್ನೂ ಬಿಡಿಸ್ಬಿಡ್ತಾರೆ ಮಿಸ್" ಎಂದು ಬಿಂದಿಗೆ ಎತ್ತಿಕೊಂಡು ಹೊರಟುಹೋದಳು. ಔಷಧಿಯ ವಿಷಯವನ್ನು ಆಗಲೂ ನಾನು ಅವಳಿಗೆ ಹೇಳಲಿಲ್ಲ. ಇದನ್ನೂ ಅವಳ ತಂದೆಗೆ ಹೇಳಿ ಬಂದಮೇಲೆಯೇ ಕಾಗದ ಅಂಚೆಗೆ ಹಾಕುತ್ತೇನೆ: ನಾಳೆ, ಬುಧವಾರ, 7 ಫೆಬ್ರವರಿ 1979.