ಅಜ್ಜಯ್ಯನ ಪಿಸ್ತೂಲಿನ ಬಣ್ಣ

ಯಡ್ತರೆ, ೧೫-೯-೨೦೨೫

ಮಗಾ ರಾಜೇಂದ್ರ,

ಹ್ಯಾಂಗಿದ್ದಿ? ಹುಬ್ಬಳ್ಳಿಯಲ್ಲಿ ಬೇಕರಿ ಒಲೆಯೆದುರು ನಿಂತು ನಿಂತು ಕಾಲು ಬಾತುಕೊಳ್ಳುತ್ತಿತ್ತಲ್ಲ, ಕಮ್ಮಿ ಆಯ್ತಾ? ಕುಂದಾಪುರದ ಡಾಕ್ಟ್ರು ನನ್ನ ಮಂಡಿನೋವಿಗೆ ಕೊಟ್ಟ ಮಾತ್ರೆ ಹೊಟ್ಟೆಗೆ ಆಗುವುದಿಲ್ಲ, ಎಣ್ಣೆಯೇ ಹಚ್ಚಿಕೊಳ್ಳುತ್ತೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಸಿಟ್ಟು ಮಾಡದೆ ಕಡೆತನಕ ಓದು.

ಮೊನ್ನೆ ನಿನ್ನ ತಮ್ಮ ಚಂದ್ರ ಮಂಗಳೂರಿನಿಂದ ಒಬ್ಬರನ್ನು ಕರಕೊಂಡು ಬಂದಿದ್ದ. ರೋಷನ್ ಅಂತ ಹೆಸರು, ಹಳೆಯ ಮಿಲಿಟರಿ ಕೋವಿಗಳ ಗುರುತು ಹಿಡಿಯುವವರಂತೆ. ನಾಲ್ಕು ವರ್ಷದ ಹಿಂದೆ ದೀಪಾವಳಿಗೆ ಬಂದವನು ನೀನು, ನಿನ್ನ ಅಜ್ಜಯ್ಯನ ಮಿಲಿಟರಿ ಕಾಲದ ಪಿಸ್ತೂಲು ಕಂಡದ್ದೇ "ಅಜ್ಜಯ್ಯಂದ್ ಕಪ್ಪ್, ಇದ್ ಬಿಳಿ. ಅಸಲಿ ಮಾರಿ ನಕಲಿ ತಂದಿಟ್ಟಿದ್ದಿ, ಕಳ್ಳ" ಅಂತ ಚಂದ್ರನಿಗೆ ಹೇಳಿ ಹೋದೆ. ಸರ್ಕಾರಿ ಕಾಗದದ ನಂಬರೇ ಪಿಸ್ತೂಲಿನ ಮೇಲೂ ಇದೆ ಅಂತ ತೋರಿಸಿದರೂ, ನಂಬರು ಯಾರು ಬೇಕಾದರೂ ಕೆತ್ತಿಸಬಹುದು ಅಂದೆ. ಆಮೇಲೆ ಮನೆ ಮೆಟ್ಟಿಲು ಹತ್ತಲಿಲ್ಲ. ತಾನು ಕಳ್ಳ ಅಲ್ಲ ಅಂತ ತೋರಿಸಬೇಕು ಅಂತ ಚಂದ್ರನಿಗೆ ಹಟ.

ರೋಷನ್ ಹೇಳಿದ್ದು ನನ್ನ ತಲೆಗೆ ಅರ್ಧ ಹೋಗಿದೆ, ಅರ್ಧ ಹೋಗಲಿಲ್ಲ. ಭೂತಗನ್ನಡಿ ಹಿಡಿದು ಮೊದಲು "ಇದು ಬಿಳಿಯದ್ದಲ್ಲ" ಅಂದರು. ಕಣ್ಣೆದುರೇ ಹೊಳೆಯುತ್ತದೆ, ಬಿಳಿ ಅಲ್ಲವಂತೆ! ಬಿಳಿ ಲೇಪದ್ದಾದರೆ ಅಂಚಿನಲ್ಲಿ ಸಿಪ್ಪೆ ಏಳಬೇಕಂತೆ, ಇದು ಬರೀ ಕಬ್ಬಿಣವಂತೆ. ಹಾಗಾದರೆ ಕಪ್ಪಾ ಅಂದರೆ ಅದೂ ಅಲ್ಲ, ಇದರ ಮೊದಲಿನ ಬಣ್ಣ ನೀಲಿಯಂತೆ. ದೇವರೇ, ಪಿಸ್ತೂಲಿಗೆ ನೀಲಿಯಾ? ಬಳಿದ ಬಣ್ಣವೂ ಅಲ್ಲವಂತೆ, ಕಬ್ಬಿಣದ ಮೈಯನ್ನೇ ಹಾಗೆ ಮಾಡುವುದಂತೆ. ಎಂತ ಲೆಕ್ಕವೋ! ಕಡೆಗೆ ಹಿಡಿಯ ಮರದ ಎರಡು ತುಂಡು ಬಿಚ್ಚಿದರು. ಅಡಿಯಲ್ಲಿ ಕಾಣು ಮಗಾ, ತಾಜಾ ಬಂಗುಡೆ ಮೀನಿನ ಬೆನ್ನಿನ ಬಣ್ಣ! ಕಪ್ಪೂ ಹೌದು, ನೀಲಿಯೂ ಹೌದು. ಆ ಬಣ್ಣದ ನಡುವೆ ಕಾಗದದಲ್ಲಿದ್ದ ಅದೇ ನಂಬರು. ಆಮೇಲೆ ಕೆತ್ತಿಸಿದ್ದಾದರೆ ಅಲ್ಲಿ ಬಣ್ಣ ಕಿತ್ತಿರಬೇಕಿತ್ತಂತೆ.

ಪಿಸ್ತೂಲು ಅಜ್ಜಯ್ಯನದೇ. ಮೇಲಿನ ಅಕ್ಷರಗಳ ಅಂಚು ಸವೆದಿದೆ, ಯಾರೋ ಹುಳಿ ಹಾಕಿ ಗಟ್ಟಿ ತಿಕ್ಕಿದ್ದಾರೆ, ಯಾರು ಅಂತ ರೋಷನ್ ಕೇಳಿದರು. ಚಂದ್ರ ತನಗೆ ಗೊತ್ತಿಲ್ಲ ಅಂದ. ನಾನು ಚಾ ತರುತ್ತೇನೆ ಅಂತ ಒಳಗೆ ಹೋದೆ. ಸಕ್ಕರೆ ಹಾಕಿದೆನೋ ಉಪ್ಪು ಹಾಕಿದೆನೋ ನೆನಪಿಲ್ಲ, ಪಾಪ, ಅವರು ಕುಡಿದು ಹೋದರು.

ಅಮಿತಾಳಿಗೆ, ಮಕ್ಕಳಿಗೆ ನನ್ನ ಮುದ್ದು. ದೇವರು ನಿಮ್ಮನ್ನೆಲ್ಲ ತಣ್ಣಗೆ ಇಟ್ಟಿರಲಿ.

ನಿನ್ನ ಅಮ್ಮ,
ವನಜ

ತಾ.ಕ.: ಅಂಚೆಯವ ಅಂಗಳದಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ತಿಕ್ಕಿದ್ದು ನಾನು. ಅಜ್ಜಯ್ಯ ಇರುವಷ್ಟು ದಿನ ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಅವರು ಹೋದ ಮೇಲಿನ ಮೊದಲ ಆಯುಧಪೂಜೆಗೆ ಕತ್ತಿ, ಹಾರೆ, ಮೆಟ್ಟುಕತ್ತಿಯ ಜೊತೆ ಅದಕ್ಕೂ ಹುಣಸೆಹುಳಿ, ಬೂದಿ ಹಚ್ಚಿಟ್ಟು ತೆಂಗಿನ ನಾರಲ್ಲಿ ತಿಕ್ಕಿದೆ. ಕಪ್ಪು ಬಿಟ್ಟದ್ದು ಕಂಡು ಕೊಳೆ ಹೋಯ್ತು ಅಂತ ಖುಷಿಪಟ್ಟೆ ಮರಾಯ. ನೀನು ಕೂಗಾಡಿದಾಗ ಹೆದರಿ ಬಾಯಿ ಬಿಡಲಿಲ್ಲ, ನಾಳೆ ಹೇಳಿದರಾಯಿತು ಅಂತ ನಾಲ್ಕು ವರ್ಷ ಹೋಯಿತು. ಚಂದ್ರನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಗಂಜಿ ಉಣ್ಣದೆ ಕೆಲಸಕ್ಕೆ ಹೋದ. ಈ ಸಲ ಆಯುಧಪೂಜೆಗೆ ಬಾ ಮಗಾ. ತಮ್ಮನಿಗೆ ಕಳ್ಳ ಅಂದ ಆ ಮಾತು ವಾಪಸು ತಗೋ, ಬೇಕಾದರೆ ಅದನ್ನು ನನಗೆ ಅನ್ನು.