ಹಳೇ ಕೀಲಿಗಳ ಡ್ರಾಯರ್

ಅಕ್ಕನ ಮನೆಯಲ್ಲಿರುವ ನಿನಗೆ,

ಪಕ್ಕದೂರಿನ ಶಾಲೆಯಿಂದ ನಿನಗೆ ಕೆಲಸದ ಕಾಗದ ಬಂದಿತ್ತು. ಅದನ್ನು ಎರಡು ತಿಂಗಳಿಂದ ನನ್ನ ಬೀಗ ರಿಪೇರಿ ಅಂಗಡಿಯಲ್ಲಿ, ಹಳೇ ಕೀಲಿಗಳ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೆ. "ನಾನು ಯಾವುದಕ್ಕೂ ಲಾಯಕ್ಕಿಲ್ಲ ಬಿಡಿ" ಎಂದು ನೀನು ಅತ್ತಾಗ ನೀರು ತಂದುಕೊಟ್ಟೆ, ಬಾಯಿ ಬಿಡಲಿಲ್ಲ. ಕೆಲಸ ಸಿಕ್ಕರೆ ನನ್ನನ್ನು ಬಿಟ್ಟು ಹೋಗುತ್ತೀಯ ಎಂಬ ಹೆದರಿಕೆ. ಕೆಲಸವಿಲ್ಲದೆಯೂ ನೀನು ಬಿಟ್ಟು ಹೋದೆ.

ಇವತ್ತು ಆ ಶಾಲೆಗೆ ಬಂದು ದೊಡ್ಡ ಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ. ಆ ಜಾಗ ತುಂಬಿದೆಯಂತೆ. ಇನ್ನೊಂದು ಖಾಲಿಯಿದೆ, ಸೋಮವಾರ ಹತ್ತಕ್ಕೆ ನೀನೇ ಬರಬೇಕಂತೆ.

"ಹೆಂಡ್ತಿಗೆ ಹೇಳಿದ್ರಾ?" ಎಂದರು.

"ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದೆ.

ಅವರು ಈ ಹಾಳೆ, ಪೆನ್ನು ನನ್ನ ಮುಂದಿಟ್ಟು ಹೊರಗೆ ಹೋದರು.

ನಿನ್ನ ಸರ್ಟಿಫಿಕೇಟುಗಳನ್ನು ಅವರ ಕೈಗೇ ಕೊಟ್ಟಿದ್ದೇನೆ. ಮನೆಗೆ ಬರದಿದ್ದರೂ ಸರಿ, ಇಲ್ಲಿಗೆ ಬಾ.

ನಿನ್ನ ಗಂಡ